ಕೈ ಬಿಟ್ಟ ಏಳನೆಯವನು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪೆನ್‌ಹಾಲಿನಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಬಹುದು, ಕ್ಲೆಮ್ ನಾನ್‌ಕಾರೋ ಒಬ್ಬನನ್ನು ಬಿಟ್ಟು. ಅವನನ್ನು ಕೇಳಿದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಾನೆ, ಆಗ ನಿಮಗೆ ಅನುಮಾನ ಬರುತ್ತದೆ.

ಆ ಗುರುವಾರ ಬೆಳಿಗ್ಗೆ ಕ್ಲೆಮ್ ಮ್ಯೂಸಿಯಮ್ಮಿನ ಬೀಗ ತೆಗೆದಾಗ ಎಂಟೂಮುಕ್ಕಾಲು. ಮ್ಯೂಸಿಯಂ ಎಂದರೆ ಊರಿನ ಹಳೇ ಶಾಲೆ. ಎರಡು ಕೋಣೆ, ಒಂದು ಜಗಲಿ, ಹಿಂದೆ ಟೀ ಕಾಯಿಸುವ ಗೂಡು. ಅವನು ಒಳಗೆ ಹೋಗಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ತಗಡಿನ ಮಕ್ಕಳ ಎದುರು ನಿಂತ. ಏಳು ಮಕ್ಕಳು. ವೆಲ್ಡಿಂಗ್ ಮಾಡುವ ಡ್ಯಾರಿಲ್ ಕಿಟ್ಟೊ ಹಳೇ ನೀರಿನ ಟ್ಯಾಂಕಿನ ತಗಡು ಕತ್ತರಿಸಿ ಮಾಡಿದ್ದು. ಮೊದಲನೆಯವಳು ಜಡೆ ಹಾಕಿದ ಹುಡುಗಿ, ಒಂದು ಕೈ ಬೇಲಿಯ ತಂತಿಗೆ ಚಾಚಿದೆ. ನಂತರದ ಐವರು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದಾರೆ. ಏಳನೆಯವನು ಮಾತ್ರ ಕೈ ಬಿಟ್ಟು, ಕುಂಡೆ ನೆಲಕ್ಕೆ ಊರಿ, ಎರಡೂ ಕಾಲು ಆಕಾಶಕ್ಕೆ ಎತ್ತಿ ಬಿದ್ದಿದ್ದಾನೆ. ಮೊದಲ ಆರು ತಗಡುಗಳು ಯಾವ ಊರಿನ ಯಾವ ಮಕ್ಕಳಾದರೂ ಆಗಬಹುದಿತ್ತು. ಏಳನೆಯದಕ್ಕೆ ಡ್ಯಾರಿಲ್ ಮೊರದಂಥ ಎರಡು ಕಿವಿ ಇಟ್ಟಿದ್ದ. ಅವು ಊರಿನವನೇ ಆದ ಲೆಸ್ ಟ್ರೆಂಬತ್‌ನ ಕಿವಿಗಳು. ಶನಿವಾರ ಇವನ್ನು ರಸ್ತೆ ಪಕ್ಕ ಕಾಂಕ್ರೀಟಿನಲ್ಲಿ ನಿಲ್ಲಿಸುವುದಿತ್ತು; ಕೆಳಗೆ ಕಂಚಿನ ಫಲಕ, ಫಲಕದಲ್ಲಿ ಹೆಸರು. ಕಂಚು ಬಾಯಿಮಾತಿನ ಹಾಗಲ್ಲ ಎಂದು ಕ್ಲೆಮ್ ಯೋಚಿಸಿದ. ಬಾಯಿಮಾತು ಹೇಳಿದವನು ಸತ್ತರೆ ಅರ್ಧ ಸಾಯುತ್ತದೆ. ಕಂಚು ಯಾರಾದರೂ ಕದ್ದರೆ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆಲ್ಮಾ ಪ್ಯಾಸ್ಕೋ ಈ ಊರಿನವಳು, ಧೂಳುಗಾಳಿ ತನ್ನೊಳಗೆ ಮಿಂಚನ್ನು ಹೇಗೆ ಕೂಡಿಸಿಕೊಳ್ಳುತ್ತದೆ ಎಂದು ಜಗತ್ತಿಗೆ ತೋರಿಸಿದವಳು, ಲಂಡನ್ನಿನಲ್ಲಿ ಪದಕ ತೆಗೆದುಕೊಂಡು ಅಲ್ಲೇ ಸತ್ತವಳು. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ, ಸಾವಿರದ ಒಂಬೈನೂರ ನಲವತ್ತರಲ್ಲಿ, ಉತ್ತರದಿಂದ ಕೆಂಪು ಧೂಳು ಎದ್ದು ಬಂತು. ಶಾಲೆಯ ಬೇಲಿಯ ತಂತಿ ಚಟಚಟ ಎನ್ನತೊಡಗಿತು. ಉಳಿದ ಮಕ್ಕಳು ಬೆಂಚಿನ ಕೆಳಗೆ ನುಸುಳಿದರೆ ಆಲ್ಮಾ ಆರು ಜನರನ್ನು ಹೊರಗೆ ಎಳೆದುಕೊಂಡು ಹೋಗಿ ಸಾಲಾಗಿ ಕೈ ಹಿಡಿಸಿ, ತಾನು ತಂತಿ ಹಿಡಿದಳು. ಏಳನೆಯವನಾಗಿ ನಿಂತಿದ್ದ ಲೆಸ್ ಟ್ರೆಂಬತ್ ಕಿರುಚಿ ಕೈ ಬಿಟ್ಟು ಮುಳ್ಳಿನ ಗಿಡದ ಮೇಲೆ ಕೂತುಬಿಟ್ಟ. ಆಲ್ಮಾ ತಿರುಗಿ ನೋಡಿ, ಕರೆಂಟು ತಾಗಿಯೂ ಕೈ ಬಿಡದವರನ್ನು ಎಣಿಸಿ ಅಂದದ್ದು ಎರಡೇ ಮಾತು: "ಆರು. ಬರ್ಕೊಳ್ಳಿ." ಶಾಲೆಯ ಪಾಠಪುಸ್ತಕದಲ್ಲಿ ಇದಿದೆ. ಮ್ಯೂಸಿಯಂ ಮಾರುವ, ತಟ್ಟೆ ಒರೆಸುವ ಬಟ್ಟೆಯ ಮೇಲೂ ಇದಿದೆ, ನೀಲಿ ಬಣ್ಣದಲ್ಲಿ. ಅದನ್ನು ದಿನಕ್ಕೆ ನಾಲ್ಕು ಮಾರುವ ಕ್ಲೆಮ್‌ಗೆ ಅದರಲ್ಲಿ ಒಂದೇ ಕೊರತೆ ಕಾಣುತ್ತಿತ್ತು, ಅದು ನಡೆದಿರಲಿಲ್ಲ. ಅದನ್ನು ಅವನೇ, ಹದಿನಾರನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಅಡುಗೆಮನೆಯ ಮೇಜಿನ ಎದುರು ಕೂತು ಹುಟ್ಟಿಸಿದ್ದ. ಆಗ ಆಲ್ಮಾ ಪ್ಯಾಸ್ಕೋ ಎಂದರೆ ಪತ್ರಿಕೆಯ ಒಳಪುಟದಲ್ಲಿ ಬಂದಿದ್ದ ಮೂರು ಸಾಲು.

ಪೆನ್‌ಹಾಲಿನ ಕೃಷಿ ಪ್ರದರ್ಶನದಲ್ಲಿ ಕುರಿಯ ತುಪ್ಪಳ, ಬಾರ್ಲಿ, ಹಣ್ಣಿನ ಕೇಕು, ಜಾಮುಗಳ ಜೊತೆಗೆ ಬರವಣಿಗೆಗೂ ಎರಡು ವಿಭಾಗ. ಒಂದು ಹಿರಿಯರ ನೆನಪು, ಇನ್ನೊಂದು ದೊಡ್ಡ ಸುಳ್ಳು. ದೊಡ್ಡ ಸುಳ್ಳಿಗಿದ್ದ ನಿಯಮ ಒಂದೇ, ಅದನ್ನು ನಿಜವೆಂದೇ ಬರೆಯಬೇಕು, ಎಲ್ಲೂ ನಗಬಾರದು. ಊರಿನ ಪ್ರತಿಯೊಬ್ಬರ ಕೈಬರಹವೂ ತೀರ್ಪುಗಾರರಿಗೆ ಗೊತ್ತು, ಹಾಗಾಗಿ ಪಕ್ಷಪಾತ ಆಗದಿರಲಿ ಎಂದು ಪ್ರದರ್ಶನದ ಕಾರ್ಯದರ್ಶಿ ಎಲ್ಲ ಬರಹಗಳನ್ನೂ ತನ್ನ ಒಂದೇ ಟೈಪ್‌ರೈಟರಿನಲ್ಲಿ ಬಡಿಯುತ್ತಿದ್ದಳು. ಬರೆದವರ ಹೆಸರು, ವಿಭಾಗ ಎರಡೂ ಕೆಳಗಿನ ಚೀಟಿಯಲ್ಲಿ. ಹೆಸರಿನ ಭಾಗವನ್ನು ಮಡಿಸಿ ಪಿನ್ನು ಚುಚ್ಚಿ, ತೀರ್ಪಾದ ಮೇಲೆ ಇಡೀ ಚೀಟಿಯನ್ನು ಕತ್ತರಿಸಿ ತೆಗೆಯುವುದು. ಕೇಕಿಗೆ ಇದು ಸರಿ. ಕೇಕನ್ನು ಆ ಸಂಜೆಯೇ ತಿಂದುಬಿಡುತ್ತಾರೆ. ಕಾಗದಗಳು ಮಾತ್ರ ಒಂದು ಟ್ರಂಕಿನಲ್ಲಿ ಉಳಿದವು, ಮೂಲೆಯಲ್ಲಿ ನೀಲಿ ಬಣ್ಣದ ಮೊದಲ ಬಹುಮಾನದ ಕಾರ್ಡು ಅಂಟಿಸಿಕೊಂಡು. ಒಂಬತ್ತು ವರ್ಷದ ಮೇಲೆ ಊರಿನ ನೂರು ವರ್ಷದ ಪುಸ್ತಕ ಮಾಡಲು ಕೂತ ಮಿಸೆಸ್ ಹಾಕಿಂಗ್ ಆ ಟ್ರಂಕು ತೆರೆದಳು. ಎಲ್ಲವೂ ಒಂದೇ ಅಕ್ಷರ, ಎಲ್ಲವಕ್ಕೂ ನೀಲಿ ಕಾರ್ಡು. ತೀರ್ಪುಗಾರರಲ್ಲಿ ಪಾದ್ರಿಯೂ ಇದ್ದರು, ಪಾದ್ರಿ ಸುಳ್ಳಿಗೆ ಮೊದಲ ಬಹುಮಾನ ಕೊಡುತ್ತಾರೆಯೇ ಎಂದು ಅವಳು ಎಲ್ಲವನ್ನೂ ಅಚ್ಚುಹಾಕಿಸಿದಳು. ಆ ಪುಸ್ತಕ ಬಿಡುಗಡೆಯಾದ ದಿನ ಕ್ಲೆಮ್ ಟೌನ್ ಹಾಲಿನ ಹಿಂದಿನ ಸಾಲಿನಲ್ಲಿ ನಿಂತಿದ್ದ. ಹೇಳಬೇಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಯಾರೋ ಆ ಬಾಯಿಗೆ ಒಂದು ಲ್ಯಾಮಿಂಗ್ಟನ್ ಕೇಕು ಇಟ್ಟರು.

ಲೆಸ್ ಆಗ ಶಾಲೆಯ ಬಸ್ಸು ಓಡಿಸುತ್ತಿದ್ದ. ಮಾರನೆಯ ದಿನದಿಂದ ಅವನು ಕೈಬಿಟ್ಟ ಲೆಸ್ ಆದ. ಬಾರಿನಲ್ಲಿ ಅವನಿಗೆ ಬಿಯರ್ ಕೊಡುವವರೆಲ್ಲ, "ಎರಡೂ ಕೈಲಿ ಹಿಡ್ಕೋ ಲೆಸ್" ಎನ್ನುತ್ತಿದ್ದರು. ಒಂದು ಸಲ ಅಂದರೆ ತಮಾಷೆ. ಇಪ್ಪತ್ತೊಂಬತ್ತು ವರ್ಷ ಅಂದರೆ ಅದು ಹವಾಮಾನ. ಬೆಂಕಿ ಆರಿಸುವ ದಳದಲ್ಲಿ ಅವನು ಸ್ವಯಂಸೇವಕನಾಗಿದ್ದ, ಆದರೆ ನೀರಿನ ಪೈಪಿನ ಮುಂದಿನ ತುದಿಯನ್ನು ಅವನಿಗೆ ಕೊಡುತ್ತಿರಲಿಲ್ಲ; ಅವನು ಯಾವಾಗಲೂ ಹಿಂದೆ ಪೈಪಿನ ಸುರುಳಿ ಬಿಡಿಸುವವನು. ಅವನ ಹೆಂಡತಿ ಡಾಟ್, ಪೋರ್ಟ್ ಪಿರೀ ಊರಿನ ಕಡೆಯ ಒಬ್ಬ ಕಾಳಿನ ವ್ಯಾಪಾರಿಯ ಜೊತೆ ಹೋದಾಗ ಊರು ಏನಂದಿತು ಎಂದು ಕ್ಲೆಮ್‌ಗೆ ಗೊತ್ತಿತ್ತು, ಏಕೆಂದರೆ ಅದನ್ನು ಅಂದವರಲ್ಲಿ ಅವನೂ ಒಬ್ಬ. ಎಲ್ಲರ ಜೊತೆ ನಗದೆ ಒಬ್ಬನೇ ಸುಮ್ಮನಿದ್ದರೆ ಅನುಮಾನ ಬರುತ್ತದೆ. ಅವನು ಇನ್ನೊಂದು ಗ್ಲಾಸು ತೆಗೆದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ನಗು ಈಗಲೂ ಕೆಲವು ಬೆಳಿಗ್ಗೆ, ಹಲ್ಲು ಉಜ್ಜುವಾಗ, ಬಾಯೊಳಗೆ ಸಿಗುತ್ತಿತ್ತು.

ಅದಕ್ಕೇ ಇವತ್ತು ಹೇಳಿಬಿಡುವುದು ಎಂದು ಅವನು ತೀರ್ಮಾನಿಸಿದ್ದ. ಅಡಿಲೇಡಿನ ವಿಶ್ವವಿದ್ಯಾಲಯದಿಂದ ಬಂದಿದ್ದ ಡಾಕ್ಟರ್ ಎಫೀ ಕಲಮಾರಸ್ ಹತ್ತು ಗಂಟೆಗೆ ಬರುವವಳಿದ್ದಳು. ಆಲ್ಮಾ ಪ್ಯಾಸ್ಕೋ ಬಗ್ಗೆ ಇರುವ ಕಥೆಗಳು ಎಲ್ಲಿ ಹುಟ್ಟಿದವು ಎಂದು ಹಿಂದೆ ಹಿಂದೆ ಹುಡುಕಿಕೊಂಡು ಹೋಗುವುದೇ ಅವಳ ಕೆಲಸ. ಆಲ್ಮಾ ಜಾಮಿನ ಡಬ್ಬದಲ್ಲಿ ಮೊದಲ ಉಪಕರಣ ಮಾಡಿದಳು ಎಂಬುದನ್ನು ಆಗಲೇ ಹೊಡೆದುಹಾಕಿದ್ದಳು. ರಾಣಿಯ ಕೈ ಕುಲುಕಲು ಒಪ್ಪಲಿಲ್ಲ ಎಂಬುದನ್ನೂ ಹೊಡೆದುಹಾಕಿದ್ದಳು. ಫಲಕದ ಮಾತುಗಳನ್ನು ಬರೆದುಕೊಡಲು ಊರಿನ ಕೌನ್ಸಿಲ್ಲು ಅವಳನ್ನೇ ಕೇಳಿತ್ತು. ಇವತ್ತು ಮಧ್ಯಾಹ್ನದೊಳಗೆ ಅವಳು ನಡೆದದ್ದು ಎಂದರೆ ನಡೆದದ್ದು, ಇಲ್ಲವೆಂದರೆ ತಗಡಿನ ಮಕ್ಕಳು ಡ್ಯಾರಿಲ್‌ನ ಹಿತ್ತಲಿಗೆ. ಕ್ಲೆಮ್ ಮೂರು ದಿನದಿಂದ ಕನ್ನಡಿ ಮುಂದೆ ತಪ್ಪೊಪ್ಪಿಗೆ ಅಭ್ಯಾಸ ಮಾಡಿದ್ದ. ತೊಂದರೆ ಏನೆಂದರೆ ಪ್ರತಿ ಸಲವೂ ಅದು ಸ್ವಲ್ಪ ಸುಧಾರಿಸುತ್ತಿತ್ತು. ನಿನ್ನೆ ಸಂಜೆಯ ಹೊತ್ತಿಗೆ ಅದರಲ್ಲಿ ಒಂದು ನಾಯಿಯೂ ಸೇರಿಕೊಂಡಿತ್ತು, ತುಂಬ ಚೆನ್ನಾಗಿದ್ದ ನಾಯಿ, ಅದನ್ನು ಕಷ್ಟಪಟ್ಟು ಹೊರಗೆ ಅಟ್ಟಿದ್ದ.

ಎಫೀ ಹತ್ತಕ್ಕೆ ಐದು ನಿಮಿಷವಿದ್ದಾಗಲೇ ಬಂದಳು. ನಲವತ್ತು ವರ್ಷ ಇರಬಹುದು, ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಎರಡು ದಪ್ಪ ಫೈಲು. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಹಾಳೆ ಇಟ್ಟಳು. "ಕ್ಲೆಮ್, ನೋಡಿ. ಸಿಕ್ತು. ಮಿಸೆಸ್ ಹಾಕಿಂಗ್ ಮಗಳ ಶೆಡ್ಡಲ್ಲಿ."

ಮೂವತ್ತೆಂಟು ವರ್ಷದ ಮೇಲೆ ಅವನು ತನ್ನ ವಾಕ್ಯಗಳನ್ನು ನೋಡಿದ. ಹಾಳೆ ಹಳದಿಯಾಗಿತ್ತು. ಕೆಳಗಿನ ಅಂಚು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಎರಡನೆಯ ಪ್ಯಾರಾದ ಕೊನೆ ಸ್ವಲ್ಪ ಉದ್ದವಾಯಿತು ಅನ್ನಿಸಿತು, ಉಳಿದದ್ದು ಬಿಗಿಯಾಗಿತ್ತು. ಅವನಿಗೆ ನಾಚಿಕೆಯಾಗಬೇಕಿತ್ತು, ಆದರೆ ಮೊದಲು ಬಂದದ್ದು ಹೆಮ್ಮೆ, ನಾಚಿಕೆ ಅದರ ಹಿಂದೆ ಹಿಂದೆ, ತಡವಾಗಿ ಬಂದ ನೆಂಟನ ಹಾಗೆ, ಬಂದು ನಿಂತಿತು.

"ಯಾರು ಬರೆದದ್ದು ಅಂತ ಗೊತ್ತಿಲ್ಲ," ಎಫೀ ಹೇಳುತ್ತಿದ್ದಳು. "ಆದ್ರೆ ಊಹೆ ಮಾಡ್ಬಹುದು. ವಯಸ್ಸಾದ ಹೆಂಗಸು. ಟೀಚರ್ ಇರ್ಬಹುದು. ನೋಡಿ, ಎಲ್ಲೂ ಜಂಬ ಇಲ್ಲ, ಲೆಕ್ಕ ಹಾಕಿ ಮಾತಾಡ್ತಾರೆ. ಜೀವನದಲ್ಲಿ ಯಾವತ್ತೂ ಸುಳ್ಳು ಹೇಳದೇ ಇರೋರ ಬರವಣಿಗೆ ಇದು."

"ಅದು ನಾನು ಬರೆದದ್ದು," ಎಂದ ಕ್ಲೆಮ್.

ಎಫೀ ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದಳು. ಬಯ್ಯುವ ನೋಟವಲ್ಲ. "ನೀವು ಐದನೆಯವರು."

"ಏನು ಐದನೆಯವರು?"

"ಬಾರಿನ ಓನರ್, ತಾನು ಬರೆದೆ ಅಂದ್ರು. ಡ್ಯಾರಿಲ್, ಅವರಜ್ಜಿ ಬರೆದದ್ದು ಅಂದ. ಇನ್ನಿಬ್ಬರು ಯಾರು ಅಂತ ಹೇಳಲ್ಲ, ಅವರು ನಾಚ್ಕೋತಾರೆ. ಇದು ಎಲ್ಲಾ ಕಡೆ ಆಗುತ್ತೆ ಕ್ಲೆಮ್. ಕಥೆ ದೊಡ್ಡದಾದ ಮೇಲೆ ಎಲ್ಲರೂ ಅದಕ್ಕೆ ಅಪ್ಪ."

"ನಾನು ನಿಜ ಹೇಳ್ತಿದೀನಿ. ಅದು ನೆನಪಿನ ವಿಭಾಗಕ್ಕೆ ಬರೆದದ್ದಲ್ಲ. ಸುಳ್ಳಿನ ವಿಭಾಗ."

"ಮಂಗಳವಾರ ನೀವೇ ಹೇಳಿದ್ರಿ, ಆ ಮೂಲೇಲಿರೋ ಹುಲ್ಲು ಕತ್ತರಿಸೋ ಮೆಷಿನ್ನಲ್ಲಿ ಬಿಷಪ್ ಗಡ್ಡ ತೆಗೆಸಿಕೊಂಡಿದ್ರು ಅಂತ. ನಾನದನ್ನ ಬರ್ಕೊಂಡೆ. ಮೂರು ಪುಟ."

"ಅದು ಸುಳ್ಳು."

"ಮತ್ತೆ ಇದು?"

"ಇದೂ ಸುಳ್ಳು. ಆದರೆ ಇದು ಸುಳ್ಳು ಅನ್ನೋದು ನಿಜ."

ಎಫೀ ನಕ್ಕಳು. ಅವಳಿಗೆ ಅವನ ಮೇಲೆ ಪ್ರೀತಿಯಿತ್ತು, ಅದೇ ತೊಂದರೆ. ಪೆನ್‌ಹಾಲಿಗೆ ಬಂದ ದಿನವೇ ಬಾರಿನಲ್ಲಿ ಯಾರೋ ಅವಳಿಗೆ ಹೇಳಿದ್ದರು, ಕ್ಲೆಮ್ ಮಳೆ ಬರ್ತಿದೆ ಅಂದ್ರೆ ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡು ಅಂತ. "ಸರಿ, ಬಹುಮಾನ ಏನು ಬಂತು?" ಎಂದು ಕೇಳಿದಳು.

ಅವನು ತಕ್ಷಣ ಹೇಳಿದ. ಕ್ವಾಂಡಾಂಗ್ ಹಣ್ಣಿನ ಜಾಮು, ಒಂದು ಸೀಸೆ, ಮುಚ್ಚಳಕ್ಕೆ ಹಸಿರು ಚೌಕಳಿ ಬಟ್ಟೆ. ಅಮ್ಮ ಚಮಚವನ್ನು ಬಾಗಿಲಿನಲ್ಲೇ ನೆಕ್ಕಿದ್ದಳು, ಅವಳ ಕೆಳತುಟಿ ಕೆಂಪಾಗಿತ್ತು, ತುಟಿಯ ಮೇಲೆ ಮಧ್ಯಾಹ್ನದ ಬಿಸಿಲಿತ್ತು. ಎಫೀ ಎರಡನೆಯ ಫೈಲು ತೆರೆದು ಬೆರಳು ಓಡಿಸಿದಳು. ಪ್ರದರ್ಶನ ಸಮಿತಿಯ ಬಹುಮಾನದ ಪಟ್ಟಿ, ಅರವತ್ತಾರನೇ ಇಸವಿಯದು. ಹಿರಿಯರ ನೆನಪು: ಕ್ವಾಂಡಾಂಗ್ ಜಾಮು. ದೊಡ್ಡ ಸುಳ್ಳು: ಬಿಸ್ಕತ್ತಿನ ಡಬ್ಬ. ಅವಳು ಪಟ್ಟಿಯನ್ನು ಅವನ ಕಡೆ ತಿರುಗಿಸಿದಳು. ಕ್ಲೆಮ್ ಅದನ್ನು ಎರಡು ಸಲ ಓದಿದ. ಅಮ್ಮನ ತುಟಿ ಇನ್ನೂ ಕೆಂಪಾಗೇ ಇತ್ತು. ಹಾಗಾದರೆ ಆ ಜಾಮು ಎಲ್ಲಿಂದ ಬಂತು? ನೆನಪಿಗೆ ಬಹುಮಾನ ಗೆದ್ದ ಮುದುಕಿ ಯಾರಾದರೂ ಸುಳ್ಳಿನ ಹುಡುಗನ ಜೊತೆ ಅದಲುಬದಲು ಮಾಡಿಕೊಂಡಿದ್ದಳೇ? ಮುದುಕಿಗೆ ಬಿಸ್ಕತ್ತು ಇಷ್ಟವಿತ್ತು ಎಂದು ಮನಸ್ಸು ಆಗಲೇ ಕಟ್ಟತೊಡಗಿತ್ತು. ಅವಳಿಗೊಂದು ಹೆಸರನ್ನೂ, ಊರುಗೋಲನ್ನೂ ಕೊಡುತ್ತಿತ್ತು. ಅವನು ಅದನ್ನು ತಡೆದ. ತಡೆದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ. ಮೂವತ್ತೆಂಟು ವರ್ಷ ಅವನು ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿದ್ದ, ಯಾವುದು ತಾನು ಕಟ್ಟಿದ್ದು, ಯಾವುದು ಕಟ್ಟದ್ದು ಎಂಬ ವಿಷಯದಲ್ಲಿ. ಈಗ ಕುರ್ಚಿಯ ಒಂದು ಕಾಲು ಸ್ವಲ್ಪ ಗಿಡ್ಡವಿದ್ದಂತೆ ಅನ್ನಿಸಿತು.

"ಇನ್ನೊಂದು ಕೇಳ್ತೀನಿ," ಎಂದಳು ಎಫೀ, ಪೆನ್ನು ತೆಗೆದು. "ನಿಜವಾಗ್ಲೂ ನೀವೇ ಬರೆದಿದ್ರೆ ಇದೊಂದಕ್ಕೆ ಉತ್ತರ ಇರಬೇಕು. ಏಳು ಮಕ್ಕಳಲ್ಲಿ ಆಲ್ಮಾನ ಬಿಟ್ರೆ ಹೆಸರಿರೋದು ಒಬ್ಬನಿಗೇ. ಲೆಸ್ ಟ್ರೆಂಬತ್ ಹೆಸರೇ ಯಾಕೆ ಹಾಕಿದ್ರಿ?"

ಉತ್ತರ ಇತ್ತು. ಅದು ಅವನ ಗಂಟಲಿನ ತನಕ ಬಂತು, ಅಲ್ಲಿ ಅದರ ವಾಸನೆ ಕೂಡ ಅವನಿಗೆ ಹತ್ತಿತು. ಹೊರಗೆ ಗಲಾ ಹಕ್ಕಿಗಳು ಮೆಣಸುಮರದಿಂದ ಒಟ್ಟಿಗೆ ಎದ್ದು ಕೂಗಿ ಮತ್ತೆ ಅಲ್ಲೇ ಕೂತವು. "ಯಾವುದೋ ಒಂದು ಹೆಸರು ಬೇಕಿತ್ತು," ಎಂದ ಕ್ಲೆಮ್. ಎಫೀ ಪೆನ್ನಿನ ಮುಚ್ಚಳ ಹಾಕಿದಳು. ಅವಳು ಒಳ್ಳೆಯವಳು, ಮುಚ್ಚಳ ಹಾಕಿದ ಸದ್ದೂ ಕೇಳದ ಹಾಗೆ ಹಾಕಿದಳು.

ಹನ್ನೊಂದಕ್ಕೆ ಲೆಸ್ ಬಂದ. ಎಪ್ಪತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಒದ್ದೆ ಕೂದಲನ್ನು ಬಾಚಿ ಒಂದು ಬದಿಗೆ ಅಂಟಿಸಿದ್ದ. ಕಿವಿಗಳು ಹಾಗೇ ಇದ್ದವು. ಊರೆಲ್ಲ ಅವನನ್ನು ಲೆಸ್ ಎಂದರೂ ಕ್ಲೆಮ್‌ನ ಬಾಯಲ್ಲಿ ಅವನು ಮಿಸ್ಟರ್ ಟ್ರೆಂಬತ್ತೇ. ಬಸ್ಸಿನಲ್ಲಿ ಹಾಗೆ ಕರೆಯಬೇಕಿತ್ತು, ಬಸ್ಸಿನಿಂದ ಇಳಿದ ಮೇಲೂ ಅದು ಇಳಿಯಲಿಲ್ಲ.

"ಏನೋ ಕ್ಲೆಮ್, ಟೀ ಇದೆಯಾ, ಇಲ್ಲ ಅದೂ ಬರೀ ಮಾತಾ?" ಎಂದ ಲೆಸ್.

"ಕಾಯಿಸ್ತೀನಿ, ಮಿಸ್ಟರ್ ಟ್ರೆಂಬತ್."

ಗೂಡಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕ್ಲೆಮ್ ಕೆಟಲಿಗೆ ನೀರು ತುಂಬಿಸಿ, ಪಾತ್ರೆಯ ಸದ್ದು ಮಾಡದೆ ನಿಂತ. ರೆಕಾರ್ಡರ್ ಒತ್ತಿದ ಸಣ್ಣ ಸದ್ದು ಕೇಳಿಸಿತು. ಲೆಸ್ ಕೆಮ್ಮಿ ಶುರುಮಾಡಿದ. ಆಕಾಶ ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಟೀಚರ್ ದೀಪ ಹಚ್ಚಿದರೂ ಕಾಣದಷ್ಟು ಕಪ್ಪು. ಕುರಿಗಳೆಲ್ಲ ಬೇಲಿಗೆ ಬೆನ್ನು ಕೊಟ್ಟು ನಿಂತವು. ಇದು ಕ್ಲೆಮ್ ಬರೆದದ್ದರಲ್ಲಿ ಇರಲಿಲ್ಲ. ಕುರಿಗಳು ಚೆನ್ನಾಗಿವೆ ಎಂದು ಅವನಿಗೆ ಅನ್ನಿಸಿತು, ತನಗೆ ಯಾಕೆ ಹೊಳೆಯಲಿಲ್ಲ ಎಂದೂ ಅನ್ನಿಸಿತು.

"ಆಲ್ಮಾ ಬಂದು ನನ್ನ ಕೈ ಹಿಡಿದ್ಲು," ಎಂದ ಲೆಸ್.

"ನೀವು ಅವರ ಪಕ್ಕದಲ್ಲೇ ಇದ್ರಾ? ಪುಸ್ತಕದಲ್ಲಿ ಏಳನೆಯವರು ಅಂತಿದೆ."

"ಪುಸ್ತಕ ಬರೆದವರು ಅಲ್ಲಿದ್ರಾ? ನಾನಿದ್ದೆ. ಎರಡನೆಯವನು ನಾನು. ಆಲ್ಮಾ, ಆಮೇಲೆ ನಾನು."

ಕ್ಲೆಮ್ ಲೆಕ್ಕ ಹಾಕಿದ. ಎಪ್ಪತ್ತೈದರಲ್ಲಿ ಪುಸ್ತಕ ಬಂದಾಗ ಲೆಸ್ ಏಳನೆಯವನೇ. ಎಂಬತ್ತೆಂಟರಲ್ಲಿ ಟೀವಿಯವರು ಬಂದಾಗ ಐದನೆಯವನಾಗಿದ್ದ. ಹೋದ ವರ್ಷ ಶಾಲೆಯ ಮಕ್ಕಳಿಗೆ ಹೇಳುವಾಗ ಮೂರು. ಸಾಲಿನಲ್ಲಿ ಉಳಿದವರು ಒಬ್ಬೊಬ್ಬರಾಗಿ ಸಾಯುತ್ತಿದ್ದ ಹಾಗೆ ಅವನು ಒಂದೊಂದು ಜಾಗ ಮುಂದೆ ಬರುತ್ತಿದ್ದ, ಬ್ಯಾಂಕಿನ ಸರದಿಯ ಹಾಗೆ. ಆ ಉಳಿದವರು ಯಾರೂ ಹುಟ್ಟಿಯೇ ಇರಲಿಲ್ಲ ಎಂಬುದು ಬೇರೆ ವಿಷಯ.

"ಅವಳ ಕೈ ಸಣ್ಣದು," ಎನ್ನುತ್ತಿದ್ದ ಲೆಸ್. ಅವನ ದನಿ ಇಳಿದಿತ್ತು, ಪ್ರವಾಸಿಗಳಿಗೆ ಹೇಳುವ ದನಿ ಅಲ್ಲ. "ಒರಟು. ಹಾಲು ಕರೆಯೋ ಕೈ. ಇಲ್ಲಿ, ಈ ಕಿರುಬೆರಳಿನ ಬುಡದಲ್ಲಿ ಒಂದು ನರುಲಿ ಇತ್ತು. ಬಟಾಣಿ ಅಷ್ಟು. ಅದು ನನ್ನ ಅಂಗೈಗೆ ಒತ್ತುತ್ತಿತ್ತು. ಅದು ಇನ್ನೂ ಗೊತ್ತಾಗುತ್ತೆ ನನಗೆ."

ಎಫೀ ಫೈಲು ತೆರೆದಳು. ಕಾಗದ ಮಗುಚುವ ಸದ್ದು. "ಮಿಸ್ಟರ್ ಟ್ರೆಂಬತ್, ಈ ನರುಲಿ ವಿಷಯ ಯಾರ ಹತ್ರ ಆದ್ರೂ ಹೇಳಿದೀರಾ? ಎಲ್ಲಾದ್ರೂ ಓದಿದೀರಾ?"

"ಇಲ್ಲ. ಯಾರು ಕೇಳ್ತಾರೆ ಅದನ್ನ."

"ಆಲ್ಮಾ ಅವರ ತಂಗಿಗೆ ಬರೆದ ಕಾಗದ ನನ್ನ ಹತ್ರ ಇದೆ. ಲಂಡನ್ನಿಗೆ ಹೋದ ವರ್ಷ ಡಾಕ್ಟರ್ ಹತ್ರ ಹೋಗಿ ಅದನ್ನ ಸುಡಿಸಿದ್ರಂತೆ. ಬಲಗೈ, ಕಿರುಬೆರಳಿನ ಬುಡ. ಈ ಕಾಗದ ಎಲ್ಲೂ ಅಚ್ಚಾಗಿಲ್ಲ." ಹನ್ನೊಂದು ಕಥೆ ಹಿಡಿದು ಹೊರಟು ಹತ್ತನ್ನು ತನ್ನ ಕೈಯಾರೆ ಕೊಂದವಳಿಗೆ ಕೊನೆಗೊಂದು ಜೀವಂತ ಸಿಕ್ಕಿತ್ತು. "ನೀವು ಅವರ ಕೈ ಹಿಡಿದಿದ್ರಿ," ಎಂದಳು.

"ಅದನ್ನೇ ಹೇಳಿದ್ದು ನಾನು," ಎಂದ ಲೆಸ್.

ಕೆಟಲು ಕೂಗಿ ತಾನೇ ಆರಿತು. ಕ್ಲೆಮ್ ನಾಲ್ಕು ಚಮಚ ಟೀಪುಡಿ ಹಾಕಬೇಕಾದಲ್ಲಿ ಎಷ್ಟು ಹಾಕಿದನೋ ಗೊತ್ತಿಲ್ಲ, ಟೀ ಡಾಂಬರಿನ ಹಾಗೆ ಆಯಿತು. ಅವನಿಗೆ ನರುಲಿ ಗೊತ್ತಿರಲಿಲ್ಲ. ತಾನು ಹೇಳದ ನರುಲಿ ತನ್ನ ಕಥೆಯೊಳಗೆ ಇತ್ತು. ಹಾಗಾದರೆ ಹದಿನಾರನೆಯ ವಯಸ್ಸಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಮರೆತು, ತಾನೇ ಕಟ್ಟಿದ್ದು ಎಂದುಕೊಂಡು ಬರೆದನೇ? ಅಪ್ಪ ಹೇಳಿದ್ದಿರಬಹುದೇ, ಮೀನು ಹಿಡಿಯಲು ಜೆಟ್ಟಿಯಲ್ಲಿ ಕೂತಿದ್ದಾಗ? ಹಾಗಿದ್ದರೆ ತಾನು ಸುಳ್ಳುಗಾರನಲ್ಲ. ಹಾಗಿದ್ದರೆ ತಾನು ಏನೂ ಅಲ್ಲ. ಮೂವತ್ತೆಂಟು ವರ್ಷದ ಪಶ್ಚಾತ್ತಾಪಕ್ಕೆ ವಾರಸುದಾರನೇ ಇಲ್ಲದಂತಾಗಿ, ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಅವನಿಗೆ ಒಂದು ಕ್ಷಣ ಹಗುರವೆನಿಸಿತು, ಮರುಕ್ಷಣ ಯಾರೋ ಜೇಬಿಗೆ ಕೈಹಾಕಿ ಖಾಲಿ ಮಾಡಿದ ಹಾಗೆ.

ಎಫೀ ಟೀ ಕುಡಿಯಲಿಲ್ಲ. ಕೌನ್ಸಿಲ್ಲಿಗೆ ಫೋನು ಮಾಡಬೇಕು, ಕಾರಿನ ಹತ್ತಿರ ಸಿಗ್ನಲ್ ಸಿಗುತ್ತದೆ ಎಂದು ಹೊರಗೆ ಓಡಿದಳು. ಲೆಸ್ ಬೇಕರಿಯ ಕಾಗದದಲ್ಲಿ ಸುತ್ತಿ ತಂದಿದ್ದ, ಮಾಂಸ ತುಂಬಿದ ಪೇಸ್ಟಿ ತೆಗೆದುಕೊಂಡು ಜಗಲಿ ಇಳಿದು, ತಗಡಿನ ಮಕ್ಕಳ ಪಕ್ಕ, ಮೆಣಸುಮರದ ನೆರಳಿನಲ್ಲಿ ನಿಂತ. ಕ್ಲೆಮ್ ಹಿಂದೆ ಹೋದ. ಇನ್ನು ಹೇಳಬೇಕಾದದ್ದು ಎಫೀಗಲ್ಲ, ಇವನಿಗೆ.

"ಮಿಸ್ಟರ್ ಟ್ರೆಂಬತ್, ಆ ಕಥೆ ನಾನು ಬರೆದದ್ದು. ಹುಡುಗನಾಗಿದ್ದಾಗ. ಪ್ರದರ್ಶನಕ್ಕೆ, ದೊಡ್ಡ ಸುಳ್ಳು ವಿಭಾಗಕ್ಕೆ. ನೀವು ಕೈ ಬಿಡ್ಲಿಲ್ಲ. ಅಂಥದ್ದೇನೂ ಆಗ್ಲೇ ಇಲ್ಲ."

ಲೆಸ್ ಪೇಸ್ಟಿಯ ಒಂದು ಮೂಲೆ ಕಚ್ಚಿ ಅಗಿದು ನುಂಗಿದ. "ಆಗ್ಲಿಲ್ಲ ಅಂತ ನನಗೆ ಹೇಳ್ತೀಯಾ. ಆ ವಾರ ನನಗೆ ಮಂಗನಬಾವು ಕಣೋ. ಮುಖ ಇಷ್ಟು ದಪ್ಪ. ಅಮ್ಮ ಕಿಟಕಿಗೆ ಕಂಬಳಿ ಕಟ್ಟಿದ್ಲು. ಧೂಳು ಬಂದದ್ದೂ ನೋಡ್ಲಿಲ್ಲ ನಾನು, ಹೋದದ್ದೂ ನೋಡ್ಲಿಲ್ಲ."

"ಬರೆದದ್ದು ನಾನು ಅಂತ ನಿಮಗೆ..."

"ಪ್ರದರ್ಶನದ ಕಾರ್ಯದರ್ಶಿ ನನ್ನ ಚಿಕ್ಕಮ್ಮ. ಟೈಪ್ ಮಾಡಿದ್ದು ಅವಳು. ಹೆಸರು ಮಡಿಸಿ ಪಿನ್ನು ಚುಚ್ಚೋದು ತೀರ್ಪುಗಾರರಿಗೆ, ಚಿಕ್ಕಮ್ಮಂಗಲ್ಲ. ಅವತ್ತು ಸಂಜೆನೇ ಮನೆಗೆ ಬಂದು ಹೇಳಿದ್ಲು, ನಾನ್‌ಕಾರೋ ಹುಡುಗ ನಿನ್ನನ್ನ ಮುಳ್ಳಿನ ಮೇಲೆ ಕೂರ್ಸಿದಾನೆ ಅಂತ. ಚೆನ್ನಾಗಿ ಬರೆದಿದಾನೆ ಅಂತಾನೂ ಹೇಳಿದ್ಲು."

ಕ್ಲೆಮ್ ಕೂರಲು ಏನಾದರೂ ಇದೆಯೇ ಎಂದು ನೋಡಿದ. ಏನೂ ಇರಲಿಲ್ಲ. "ಮತ್ತೆ ಯಾಕೆ ಸುಮ್ಮನಿದ್ರಿ?"

"ಮೊದಲು ನಿನ್ನನ್ನ ಹಿಡಿದು ನಾಲ್ಕು ಬಿಡಬೇಕು ಅಂತಿತ್ತು. ಬೆಂಕಿ ದಳದಲ್ಲಿ ಪೈಪಿನ ತುದಿ ಕೊಡದೇ ಇದ್ದಾಗಲೂ ಅನ್ನಿಸ್ತು. ಡಾಟ್ ಹೋಗೋ ದಿನ ಸೂಟ್‌ಕೇಸ್ ಹಿಡ್ಕೊಂಡು ಅದೇ ಕೈಬಿಟ್ಟ ಮಾತು ಅಂದ್ಲಲ್ಲ, ಅವತ್ತು ನಿನ್ನ ಮನೆ ತನಕ ಬಂದಿದ್ದೆ. ನಿಮ್ಮ ನಾಯಿ ಬೊಗಳಿತು, ವಾಪಸ್ ಹೋದೆ." ಅವನು ಇದನ್ನು ಹವಾಮಾನದ ಹಾಗೆ ಹೇಳಿದ. "ಆಮೇಲೆ ಆಲ್ಮಾ ಸತ್ತಳು. ಟೀವಿಯವರು ಬಂದ್ರು. ಊರಲ್ಲಿ ಯಾರನ್ನ ಕೇಳಿದ್ರು ಹೇಳು? ನನ್ನನ್ನ."

"ನರುಲಿ?"

"ನರುಲಿ ಇತ್ತು." ಲೆಸ್ ತನ್ನ ಬಲಗೈ ಅಂಗೈಯನ್ನು ನೋಡಿಕೊಂಡ. "ಶಾಲೆ ಮುಗಿದ ವರ್ಷ, ಟೌನ್ ಹಾಲಲ್ಲಿ ಕುಣಿತ. ಜೊತೆ ಬದಲಾಯಿಸ್ತಾ ಹೋಗೋ ಕುಣಿತ ಇರುತ್ತಲ್ಲ. ಎಂಟು ಹೆಜ್ಜೆ ಆಲ್ಮಾ ನನಗೆ ಬಂದ್ಲು. ಎಂಟು ಹೆಜ್ಜೆ ಮುಗೀತು, ಮುಂದಿನವನಿಗೆ ಹೋದ್ಲು. ಮಾತೂ ಆಡ್ಲಿಲ್ಲ. ಆಲ್ಮಾ ಪ್ಯಾಸ್ಕೋ ಜೊತೆ ಎಂಟು ಹೆಜ್ಜೆ ಕುಣಿದೆ ಅಂತ ಹೇಳಿದ್ರೆ ಅಡಿಲೇಡಿಂದ ಯಾರಾದ್ರೂ ಬರ್ತಾರಾ? ಆ 'ಆರು, ಬರ್ಕೊಳ್ಳಿ'ಗಾದ್ರೆ ಬರ್ತಾರೆ." ಪೇಸ್ಟಿ ಮುಗಿಸಿ ಕಾಗದ ಮಡಿಸಿ ಜೇಬಿಗೆ ಹಾಕಿದ. "ಈಗ ಹಿಡ್ಕೋ ಆ ಕಡೆ. ಆ ಬಿದ್ದವನನ್ನ ಎತ್ತು. ಆಲ್ಮಾ ಪಕ್ಕ ಇಡೋಣ. ಆ ಹುಡುಗಿ ವಾಪಸ್ ಬಂದು ಫೋಟೋ ತೆಗೀತಾಳೆ."

ಅವರು ಏಳನೆಯ ತಗಡನ್ನು ಎತ್ತಿದರು. ಭಾರವಿತ್ತು, ಅಂಚು ಕೈಗೆ ಕೊರೆಯುತ್ತಿತ್ತು. ಅಡ್ಡಡ್ಡ ನಡೆಯುತ್ತ, ಒಬ್ಬರಿಗೊಬ್ಬರು ಎದುರಾಗಿ, ಐದು ಮಕ್ಕಳ ಮುಂದೆ ಹಾದುಹೋದರು. "ಇದು ಸರಿ ಬರಲ್ಲ, ಮಿಸ್ಟರ್ ಟ್ರೆಂಬತ್," ಎಂದ ಕ್ಲೆಮ್, ತನಗೇ ತಿಳಿಯದೆ. "ಎರಡನೆಯವನೇ ಬಿದ್ರೆ ಉಳಿದ ಐದು ಜನಕ್ಕೆ ಕರೆಂಟು ಹೋಗೋದೇ ಇಲ್ಲ. ಆಗ ಆರು ಅನ್ನೋದು ತಪ್ಪಾಗುತ್ತೆ."

"ಉಳಿದವರಿಗೆ ತಾಗದೇ ಇರ್ಲಿ. ಅವರಿಗೇನು ನೋವಾಗುತ್ತಾ," ಎಂದ ಲೆಸ್.

ತಗಡನ್ನು ಆಲ್ಮಾಳ ಪಕ್ಕ ಇಳಿಸಿ ಗೋಡೆಗೆ ಒರಗಿಸಿದರು. ಲೆಸ್ ಹಿಂದೆ ಸರಿದು, ತಲೆ ಓರೆ ಮಾಡಿ, ಅದನ್ನು ಒಂದು ಅಂಗುಲ ಆಲ್ಮಾಳ ಕಡೆಗೆ ಸರಿಸಿದ. ಮುಗಿಯಿತು. ಕ್ಷಮೆ ಕೇಳುವುದಕ್ಕೆ ಇನ್ನು ಯಾವ ಜಾಗವೂ ಉಳಿಯಲಿಲ್ಲ ಎಂದು ಕ್ಲೆಮ್‌ಗೆ ಗೊತ್ತಾಯಿತು. ಕ್ಷಮಿಸಬೇಕಾದವನು ಆ ಸುಳ್ಳಿನ ಮೇಲೇ ಮನೆ ಕಟ್ಟಿಕೊಂಡು, ಕಿಟಕಿಗೆ ಪರದೆ ಹಾಕಿಯಾಗಿತ್ತು. ಆದರೆ ಎದೆಯೊಳಗೆ ಇನ್ನೊಂದು ಉಳಿದಿತ್ತು, ಎಫೀ ಕೇಳಿದಾಗ ಗಂಟಲ ತನಕ ಬಂದಿದ್ದದ್ದು. ಅವನ ಜೀವಮಾನದಲ್ಲಿ ಬಣ್ಣ ಹಚ್ಚದೆ ಉಳಿದಿದ್ದ ಒಂದೇ ಸಂಗತಿ ಅದು. ಯಾರಿಗೂ ಹೇಳದ್ದರಿಂದ ಅದು ಸುಧಾರಿಸಿರಲಿಲ್ಲ, ಆದ ದಿನ ಹೇಗಿತ್ತೋ ಹಾಗೇ ಇತ್ತು. ಲೆಸ್ ಇದನ್ನು ಕೇಳಲೇಬೇಕು ಎಂದು ಅವನಿಗೆ ತೀವ್ರವಾಗಿ ಅನ್ನಿಸಿತು. ಕ್ಷಮಿಸುವುದಕ್ಕಲ್ಲ. ಬರೀ ಕೇಳುವುದಕ್ಕೆ.

"ನಿಮ್ಮ ಹೆಸರೇ ಯಾಕೆ ಅಂತ ನೀವು ಕೇಳ್ಲಿಲ್ಲ," ಎಂದ.

"ಯಾವುದೋ ಒಂದು ಹೆಸರು ಬೇಕಿತ್ತು ನಿನಗೆ."

"ಅಲ್ಲ. ನನಗೆ ಹನ್ನೆರಡು ವರ್ಷ. ತಲೆ ತುಂಬ ಹೇನು. ಅಮ್ಮ ಬೆಳಿಗ್ಗೆ ಸೀಮೆಎಣ್ಣೆ ಹಚ್ಚಿ ಹಾಗೇ ಶಾಲೆಗೆ ಕಳ್ಸಿದ್ಲು, ತೊಳೆಯೋಕೆ ಟ್ಯಾಂಕಲ್ಲಿ ನೀರಿರ್ಲಿಲ್ಲ. ನಾನು ಬಸ್ ಹತ್ತಿ ಹಿಂದಿನ ಸೀಟಿಗೆ ಹೋಗ್ತಿದ್ದೆ. ನೀವು ಕನ್ನಡಿಯಲ್ಲಿ ನನ್ನನ್ನ ನೋಡಿ, ಎಲ್ಲರೂ ಕಿಟಕಿ ತೆಗೀರಪ್ಪಾ, ಯಾರೂ ಬೆಂಕಿಕಡ್ಡಿ ಗೀರಬೇಡಿ ಅಂದ್ರಿ."

ರಸ್ತೆಯ ಆಚೆಯಿಂದ ಎಫೀ ಕೈ ಬೀಸುತ್ತಿದ್ದಳು. ಕೌನ್ಸಿಲ್ಲು ಒಪ್ಪಿರಬೇಕು, ಅವಳ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಇತ್ತು. "ಮಿಸ್ಟರ್ ಟ್ರೆಂಬತ್, ಇಲ್ಲಿ ಬೆಳಕು ಚೆನ್ನಾಗಿದೆ, ಬರ್ತೀರಾ?" ಎಂದು ಕೂಗಿದಳು. ಲೆಸ್ ಎರಡೂ ಅಂಗೈಯಿಂದ ಕೂದಲು ಒತ್ತಿಕೊಂಡ.

"ಇಡೀ ಬಸ್ಸು ನಕ್ತು," ಎಂದ ಕ್ಲೆಮ್. "ಅದಕ್ಕೆ ನನಗೆ ಬೇಜಾರಿಲ್ಲ. ನೀವು ನಗ್ಲಿಲ್ಲ ಮಿಸ್ಟರ್ ಟ್ರೆಂಬತ್, ಅದನ್ನೇ ನಾನು ಹೇಳ್ತಿರೋದು, ನೀವು ಹೇಳಿ ಮುಗಿಸಿ ಗೇರ್ ಹಾಕಿದ್ರಿ ಅಷ್ಟೆ, ನಾನು ಯಾರು ಅಂತ ಕೂಡ ನೋಡ್ಲಿಲ್ಲ, ಅವತ್ತು ದಾರಿಯುದ್ದಕ್ಕೂ ನಾನು ಕನ್ನಡಿ ನೋಡ್ತಾ ಕೂತಿದ್ದೆ, ಇನ್ನೊಂದ್ಸಲ ತಿರುಗಿ ನೋಡ್ತೀರಾ ಅಂತ, ನೋಡಿದ್ರೆ ಸಾಕಿತ್ತು, ನಾನು ಆಗ..." ಲೆಸ್ ಆಗಲೇ, ತಿರುಗಿ ನೋಡದೆ, ಕ್ಯಾಮೆರಾದ ಕಡೆಗೆ ರಸ್ತೆ ದಾಟುತ್ತಿದ್ದ.